ಆಗ್ರಾಕ್ಕೆ ಒಂದು ಶುಕ್ರವಾರ

ನನ್ನ ಗಂಡ ಗಲ್ಫಿನ ದೋಹಾದಲ್ಲಿ, ಹಮದ್ ಎಂಬ ಬಂದರಿನ ಹತ್ತಿರದ ಒಂದು ಶಿಪ್ಪಿಂಗ್ ಆಫೀಸಿನಲ್ಲಿ ಕೆಲಸ ಮಾಡುತ್ತಾರೆ. ಯಾವ ಹಡಗು ಯಾವಾಗ ಬರುತ್ತದೆ, ಯಾವ ಕಂಟೇನರಿನ ಕಾಗದ ಎಲ್ಲಿ ಸಿಕ್ಕಿಕೊಂಡಿದೆ ಎಂಬುದನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ನಾವಿಬ್ಬರೂ ಎಲ್ಲಿಗಾದರೂ ಹೋಗಿ ಬರೋಣವೇ ಎಂದು ಕೇಳಿದರೆ ಮಾತ್ರ "ನೋಡುವ" ಅನ್ನುತ್ತಾರೆ. ಉಡುಪಿ ಕಡೆಯ ಈ "ನೋಡುವ"ವನ್ನು ನಂಬಿಕೊಂಡು, ಮೈಸೂರಿನವಳಾದ ನಾನು ಮದುವೆಯಾದ ಹೊಸದರಲ್ಲಿ ಎರಡು ಸಲ ಸೂಟ್‌ಕೇಸ್ ಒರೆಸಿಟ್ಟುಕೊಂಡು ಕಾದಿದ್ದೇನೆ.

ಅಂಥವರು ಹೋದ ವರ್ಷದ ಚಳಿಗಾಲದಲ್ಲಿ ಒಂದು ಸಂಜೆ, ಸಾರಿಗೆ ಅನ್ನ ಕಲಸುತ್ತಾ, ಯಾರೂ ಕೇಳದೆ ತಾವಾಗಿಯೇ ಹೇಳಿದರು: "ಆಗ್ರಾಕ್ಕೆ ಹೋಗುವನಾ?"

ನಾನು ಮಜ್ಜಿಗೆಯ ಪಾತ್ರೆಯನ್ನು ಕೆಳಗಿಟ್ಟೆ. ಹುಷಾರಿದ್ದೀರಾ ಎಂದು ಕೇಳಿದೆ. ಹುಷಾರಾಗಿಯೇ ಇದ್ದರು. ಆ ದಿನ ಬಂದರಿನಲ್ಲಿ ಆಗ್ರಾದಿಂದ ಬಂದಿದ್ದ ಒಂದು ಪೆಟ್ಟಿಗೆಯನ್ನು ತಪಾಸಣೆಗೆಂದು ಬಿಚ್ಚಿದರಂತೆ. ಒಳಗೆ ಅಮೃತಶಿಲೆಯ ಮೇಜಿನ ಹಲಗೆ. ಬಿಳಿಯ ಕಲ್ಲನ್ನು ಕೊರೆದು ಕೆಂಪು, ಹಸಿರು ಕಲ್ಲುಗಳ ಹೂಬಳ್ಳಿ ಕೂರಿಸಿದ್ದರಂತೆ. ಎಸಳಿನ ಅಂಚನ್ನು ಉಗುರಿನಿಂದ ಸವರಿದರೂ ಎಲ್ಲಿ ಒಂದು ಕಲ್ಲು ಮುಗಿದು ಇನ್ನೊಂದು ಶುರುವಾಯಿತು ಎಂದು ತಿಳಿಯಲಿಲ್ಲವಂತೆ. ವರ್ಷಗಟ್ಟಲೆ ಟೈಲ್ಸು, ಈರುಳ್ಳಿ, ಟಯರುಗಳ ಕಾಗದ ನೋಡಿದ ಮನುಷ್ಯ, ಒಂದು ಹೂವಿನ ಎದುರು ಹತ್ತು ನಿಮಿಷ ನಿಂತುಬಿಟ್ಟರಂತೆ. ಒಂದು ಮೇಜೇ ಹೀಗಿದ್ದರೆ ಆ ಮಹಲು ಹೇಗಿರಬಹುದು ಎಂಬುದು ಅವರ ವಾದ. ನನಗೆ ವಾದವೇ ಬೇಕಿರಲಿಲ್ಲ. ಅವರು ಕೈ ತೊಳೆದು ಬರುವಷ್ಟರಲ್ಲಿ ನಾನು ಯಾವ ಸೀರೆ ಎಂದು ಯೋಚಿಸಿಯಾಗಿತ್ತು.

ನನ್ನ ಈ ಹುಚ್ಚು ಸಂಭ್ರಮ ಅರ್ಥವಾಗಬೇಕಾದರೆ ನಮ್ಮ ರಜೆಗಳ ಕಥೆ ಗೊತ್ತಿರಬೇಕು. ಮದುವೆಯಾಗಿ ಇಪ್ಪತ್ತು ವರ್ಷ ದಾಟಿದೆ. ಮದುವೆಯಾದ ವಾರಕ್ಕೇ ಅವರು ದೋಹಾಕ್ಕೆ ವಾಪಸ್ಸು, ನನ್ನ ವೀಸಾ ಬಂದಿದ್ದು ಎಷ್ಟೋ ತಿಂಗಳ ಮೇಲೆ. ಆಮೇಲೆ ವರ್ಷಕ್ಕೊಮ್ಮೆ ಊರು. ಅರ್ಧ ರಜೆ ಉಡುಪಿ ಕಡೆ, ಅರ್ಧ ಮೈಸೂರು. ಟಿಕೆಟ್ಟಿನ ದಿನವನ್ನು ನಾವು ಗೊತ್ತುಮಾಡಿದ್ದೇ ಇಲ್ಲ. ಯಾರದೋ ಮದುವೆಯ ಮುಹೂರ್ತವೋ, ಯಾರದೋ ಗೃಹಪ್ರವೇಶವೋ, ನಮ್ಮ ತಂದೆಯ ಹೃದಯದ ಆಪರೇಷನ್ನೋ ಗೊತ್ತುಮಾಡುತ್ತಿತ್ತು. ಹೋದಲ್ಲೆಲ್ಲ ಬಾದಾಮಿ, ಖರ್ಜೂರ, ಸೆಂಟು ಬಾಟಲಿಗಳನ್ನು ಹಂಚಿ, ಬರುವಾಗ ಹಪ್ಪಳ, ಉಪ್ಪಿನಕಾಯಿ ತುಂಬಿಕೊಂಡು, ವಿಮಾನದಲ್ಲಿ ಇಬ್ಬರೂ ಬಾಯಿ ತೆರೆದು ನಿದ್ದೆ ಮಾಡುವುದು. ನಾನು ಮತ್ತು ಅವರು, ಇಬ್ಬರೇ, ಸುಮ್ಮನೆ, ನೋಡುವುದಕ್ಕೆಂದು ಎಲ್ಲಿಗೂ ಹೋಗಿರಲಿಲ್ಲ. ಅದೊಂದು ಆಸೆ ನನ್ನಲ್ಲಿ ಎಷ್ಟು ಹಳೆಯದಾಗಿತ್ತೆಂದರೆ, ಕೇಳುವುದಕ್ಕೂ ನಾಚಿಕೆಯಾಗಿ ಬಿಟ್ಟುಬಿಟ್ಟಿದ್ದೆ.

ಹಾಗಾಗಿ ಮರುದಿನವೇ, ಅವರ ಮನಸ್ಸು ಬದಲಾಗುವ ಮುಂಚೆ, ಟಿಕೆಟ್ ಮಾಡಿಸಿದೆವು. ಇಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಗುರುವಾರ ಆಫೀಸು ಮುಗಿಸಿ ದೆಹಲಿಯ ವಿಮಾನ. ಶುಕ್ರವಾರ ಬೆಳಿಗ್ಗೆ ಇಳಿದು ಕಾರಿನಲ್ಲಿ ಆಗ್ರಾ. ಇಡೀ ಶುಕ್ರವಾರ ನಮ್ಮದು. ಸಂಜೆ ದೆಹಲಿಗೆ ಹೊರಟು, ಶನಿವಾರ ನಸುಕಿನ ವಿಮಾನ ಹಿಡಿದು ದೋಹಾ. ಭಾನುವಾರ ಎಂದಿನಂತೆ ಆಫೀಸು. ಒಂದೇ ಒಂದು ರಜೆ ಹಾಕದೆ ಹಿಂದೂಸ್ತಾನದ ಅದ್ಭುತ ನೋಡಿ ಬರುವ ಈ ಯೋಜನೆಗೆ ನನ್ನವರು ತಾವೇ ಬೆರಗಾಗಿದ್ದರು. ಹಡಗುಗಳಿಗೆ ಮಾಡುವಂತೆಯೇ ಕಂಪ್ಯೂಟರಿನಲ್ಲಿ ವೇಳಾಪಟ್ಟಿ ತಯಾರಾಯಿತು. ಆಗಮನ, ನಿರ್ಗಮನ, ನಡುವೆ ತಡವಾದರೆ ಇರಲಿ ಎಂದು ಅರ್ಧರ್ಧ ಗಂಟೆಯ ಸಡಿಲ. ನನ್ನನ್ನು ಯಾವ ಬಣ್ಣದಲ್ಲಿ ತೋರಿಸಿದ್ದೀರಿ ಎಂದು ಕೇಳಿದೆ. ಸರಕು ಹಳದಿಯಲ್ಲಿ ಇರುತ್ತದಂತೆ.

ಇದರಲ್ಲಿ ಒಂದು ಷರತ್ತಿತ್ತು. ಊರಿಗೆ ಗೊತ್ತಾಗಬಾರದು. ಇಂಡಿಯಾದ ನೆಲ ಮೆಟ್ಟಿ ಊರಿಗೆ ಹೋಗದೆ ಹಿಂದಿರುಗುವುದು ನಮ್ಮಲ್ಲಿ ಸಣ್ಣ ಅಪರಾಧವಲ್ಲ. ಅದರಲ್ಲೂ ಅವರಮ್ಮ, ಅಂದರೆ ನಮ್ಮತ್ತೆ, ಉಡುಪಿಯಲ್ಲಿ ದೊಡ್ಡ ಮಗನ ಮನೆಯಲ್ಲಿದ್ದುಕೊಂಡು ಭಜನಾ ಮಂಡಳಿ, ಬೀದಿಯ ರಾಜಕೀಯ ಎರಡನ್ನೂ ನಡೆಸುವವರು. ಅವರಿಗೆ ಗೊತ್ತಾದರೆ ನಾನು ಮಗನನ್ನು ದೆಹಲಿಯ ದಾರಿಯಲ್ಲಿ ಕದ್ದುಕೊಂಡು ಹೋದೆನೆಂದು ತುಳುವಿನಲ್ಲಿ ಇಡೀ ಬೀದಿಗೆ ಗೊತ್ತಾಗುತ್ತದೆ. ದೋಹಾದ ನಮ್ಮವರಿಗೂ ಹೇಳುವಂತಿಲ್ಲ. ದೆಹಲಿ ಎಂಬ ಮಾತು ಬಾಯಿಂದ ಬಿದ್ದರೆ ಸಾಕು, ಅಲ್ಲೊಬ್ಬ ತಂಗಿಗೆ ಸಣ್ಣದೊಂದು ಕವರ್ ಕೊಡಬಹುದೇ ಎಂದು ಮೂವರು ಬರುತ್ತಾರೆ. ಆ ಸಣ್ಣ ಕವರ್‌ಗಳ ತೂಕ ನಾನು ಬಲ್ಲೆ.

ಆದರೂ ಒಂದು ಮನೆಗೆ ಹೇಳಲೇಬೇಕಾಯಿತು. ದೋಹಾ ಅಲ್ ಜದೀದಾ ಎಂಬ ಬಡಾವಣೆಯ ನಮ್ಮ ಕಟ್ಟಡದಲ್ಲೇ, ಕೆಳಗಿನ ಮಹಡಿಯಲ್ಲಿ ಬೆಂಗಳೂರಿನ ಗಂಡ ಹೆಂಡತಿ ಇದ್ದಾರೆ. ಒಂಬತ್ತನೇ ತರಗತಿಯ ನಮ್ಮ ಮಗಳನ್ನು ಎರಡು ದಿನ ಅವರಲ್ಲಿ ಬಿಡಬೇಕಿತ್ತು. ಅವರು ಕಾಫಿ ಕೊಟ್ಟು, ಕಂಪ್ಯೂಟರಿನ ವೇಳಾಪಟ್ಟಿಯನ್ನು ನಮಗಿಂತ ಹೆಚ್ಚಿನ ಶ್ರದ್ಧೆಯಿಂದ ಓದಿದರು. ಆಕೆಗೆ ಮಥುರಾ ಬಿಡುವುದು ಸರಿ ಕಾಣಲಿಲ್ಲ. ಆತ ಬ್ಯಾಂಕಿನವರು, ಕಾರಿನವನಿಗೆ ಮುಂಚೆಯೇ ಪೂರ್ತಿ ದುಡ್ಡು ಕೊಡಬಾರದು ಎಂದರು. ಕೋಟೆ ಮೊದಲೋ ಮಹಲು ಮೊದಲೋ ಎಂಬುದರ ಮೇಲೆ ನಾಲ್ವರೂ ಅರ್ಧ ಗಂಟೆ ವಾದ ಮಾಡಿದೆವು.

ಅದನ್ನು ಇತ್ಯರ್ಥ ಮಾಡಿದ್ದು ನನ್ನವರ ಗಲ್ಫ್ ಬುದ್ಧಿ. ತಾಜ್‌ಮಹಲಿನ ಆವರಣದಲ್ಲಿ ಮಸೀದಿ ಇದೆ, ಶುಕ್ರವಾರ ಮಧ್ಯಾಹ್ನ ನಮಾಜ್ ಇರುತ್ತದೆ, ಆ ಹೊತ್ತಿಗೆ ನಾವು ಹೋಗಬಾರದು ಎಂದರು. ಇಲ್ಲಿ ನಮ್ಮ ಬೀದಿಯ ಅಂಗಡಿಗಳೂ ಹಾಗೆ ತಾನೆ? ಶುಕ್ರವಾರ ಬೆಳಿಗ್ಗೆ ಬಾಗಿಲು ಮುಚ್ಚಿರುತ್ತದೆ, ನಮಾಜ್ ಮುಗಿದ ಮೇಲೆ ಎಲ್ಲ ತೆರೆದು ಸಂಜೆಗೆ ಜಾತ್ರೆ. ಆದ್ದರಿಂದ ಬೆಳಿಗ್ಗೆ ಕೋಟೆ, ಊಟ, ಮೂರು ಗಂಟೆಗೆ ಮಹಲು, ಇಳಿಬಿಸಿಲಲ್ಲಿ ಫೋಟೋ. ನಾವು ಮೂವರೂ ತಲೆದೂಗಿದೆವು. ಎಂಥ ದೂರಾಲೋಚನೆ ಎಂದು ಬ್ಯಾಂಕಿನವರು ಹೊಗಳಿದರು. ನನ್ನವರು ಕಾಫಿ ಲೋಟದೊಳಗೆ ಮುಖವಿಟ್ಟುಕೊಂಡು ನಕ್ಕರು.

ಮುಂದಿನ ಎರಡು ವಾರ ನನ್ನ ಕಾಲು ನೆಲದ ಮೇಲೆ ಇರಲಿಲ್ಲ. ಕೈಯಲ್ಲಿ ಹಿಡಿದುಕೊಂಡು ಹೋಗುವಂಥ ಸಣ್ಣ ಬ್ಯಾಗೊಂದನ್ನು ಕೊಂಡೆ. ಏಳು ಕಿಲೋ ಮಾತ್ರ ಹಿಡಿಯುವ ಬ್ಯಾಗು, ಅದೂ ನಮ್ಮಿಬ್ಬರ ಬಟ್ಟೆಗೆ ಮಾತ್ರ. ಅದನ್ನು ತಕ್ಕಡಿಗೆ ತೂಗುಹಾಕಿದಾಗ ಮುಳ್ಳು ನಾಲ್ಕು ದಾಟಲಿಲ್ಲ. ಜನ್ಮದಲ್ಲಿ ಮೊದಲ ಸಲ ತಕ್ಕಡಿ ನನ್ನನ್ನು ಬೈಯಲಿಲ್ಲ. ಆ ಖುಷಿಗೆ ಬ್ಯಾಗನ್ನು ಎತ್ತಿಕೊಂಡು ಅಡಿಗೆಮನೆಯಿಂದ ಹಾಲ್‌ವರೆಗೆ ಒಂದು ಸುತ್ತು ನಡೆದೆ. ಬಿಳಿ ಕಟ್ಟಡದ ಮುಂದೆ ಯಾವ ಬಣ್ಣ ಎದ್ದು ಕಾಣುತ್ತದೆ ಎಂದು ಫ್ರಿಜ್ಜಿನ ಬಾಗಿಲಿಗೆ ಒರಗಿ ನಿಂತು ಒಂದೊಂದೇ ಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡೆ, ಮಗಳು ಫೋಟೋ ತೆಗೆದಳು. ನನ್ನವರು ಕಪ್ಪು ಕನ್ನಡಕ ತಂದುಕೊಂಡು, ಯಾರಿಗೂ ಹೇಳದೆ, ಬಚ್ಚಲಮನೆಯ ಕನ್ನಡಿಯಲ್ಲಿ ನೋಡಿಕೊಂಡರು. ಬಾಗಿಲು ಸರಿಯಾಗಿ ಹಾಕಿರಲಿಲ್ಲ, ನಾನು ನೋಡಿಬಿಟ್ಟೆ. ಆ ಮನುಷ್ಯ ಕನ್ನಡಿಗೆ ಹುಬ್ಬು ಹಾರಿಸುತ್ತಿದ್ದರು.

ಊರಿಗೆ ಫೋನ್ ಮಾಡುವಾಗ ಮಾತ್ರ ಇಬ್ಬರಿಗೂ ಎದೆ ಢವಢವ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಹಾಗೆ, ಅತ್ತೆ ಸುಮ್ಮನೆ "ಮತ್ತೆ ಎಂತ ವಿಶೇಷ?" ಎಂದರೂ ನಾವು ವಿಶೇಷವೇ ಇಲ್ಲ ಎಂದು ಒಟ್ಟಿಗೆ ಹೇಳುತ್ತಿದ್ದೆವು.

ಹೊರಡುವುದಕ್ಕೆ ಐದು ದಿನವಿತ್ತು. ಶನಿವಾರದ ಸಂಜೆ. ನಾನು ದೋಸೆಗೆ ರುಬ್ಬುತ್ತಿದ್ದೆ, ನನ್ನವರು ಶರಟು ಇಸ್ತ್ರಿ ಮಾಡುತ್ತಿದ್ದರು, ಮಗಳು ಸೋಫಾದಲ್ಲಿ ಅಜ್ಜಿಯ ಜೊತೆ ವಿಡಿಯೋದಲ್ಲಿ ಮಾತಾಡುತ್ತಿದ್ದಳು. ಅವಳ ಕನ್ನಡ ನಮ್ಮ ಬಾಲ್ಕನಿಯ ತುಳಸಿಯ ಹಾಗೆ, ಇದೆ ಅನ್ನಬಹುದು ಅಷ್ಟೇ. ಆದರೆ ಆ ದಿನ ಅವಳಿಗೆ ಬೇಕಾದ ಪದಗಳೆಲ್ಲ ಸಿಕ್ಕವು. ಬರುವ ಶುಕ್ರವಾರ ಏನು ಮಾಡುತ್ತೀ ಮಗಾ ಎಂದು ಅಜ್ಜಿ ಕೇಳಿರಬೇಕು. "ಪಪ್ಪ ಅಮ್ಮ ತಾಜ್‌ಮಹಲ್ ಹೋಗ್ತಾರೆ ಅಜ್ಜಿ, ಬಟ್ ನಿಮ್ಗೆ ಹೇಳ್ಬಾರ್ದು" ಎಂದಳು.

ಮಿಕ್ಸಿ ನಿಲ್ಲಿಸಿದೆ. ಇಸ್ತ್ರಿಪೆಟ್ಟಿಗೆ ಶರಟಿನ ಮೇಲೆ ನಿಂತೇ ಇತ್ತು, ಅದನ್ನು ಎತ್ತಬೇಕೆಂಬುದು ನನ್ನವರಿಗೆ ಹೊಳೆಯಲಿಲ್ಲ. ನಾನು ಓಡಿಹೋಗಿ ಎತ್ತಿದೆ. ಮಗಳು ಫೋನನ್ನು ಬಿಸಿ ಬಾಣಲೆಯಂತೆ ನಮ್ಮ ಕಡೆ ಚಾಚಿ ತನ್ನ ರೂಮು ಸೇರಿಕೊಂಡಳು.

ತೆರೆಯ ತುಂಬ ಅತ್ತೆಯ ಮುಖ. ಮಗನಿಗೆ ತುಳುವಿನಲ್ಲಿ ಏನೋ ಹೇಳಿದರು, ಇವರು ತಲೆ ತಗ್ಗಿಸಿದರು. ಆಮೇಲೆ ನನಗೂ ತಿಳಿಯಲೆಂದು ಕನ್ನಡಕ್ಕೆ ಬಂದರು. ಇಂಡಿಯಾಕ್ಕೆ ಬಂದು ಊರಿಗೆ ಬರುವುದಿಲ್ಲವಾ ಎಂದು ಒಂದೇ ಒಂದು ಸಲ ಕೇಳಿದರು. ನನಗೆ ಒಳಗೊಳಗೇ ಸಿಟ್ಟೇ ಬಂದಿತ್ತು. ಇಷ್ಟು ವರ್ಷಕ್ಕೆ ಒಂದು ದಿನ, ಒಂದೇ ಒಂದು ದಿನ, ಅದಕ್ಕೂ ಕೈಕಟ್ಟಿ ನಿಲ್ಲಬೇಕೇ ಎಂದು. ಅತ್ತೆ ಕನ್ನಡಕ ಸರಿಮಾಡಿಕೊಂಡರು.

"ಶುಕ್ರವಾರ ಹೋಗಿ ಎಂತ ನೋಡ್ತೀರಿ? ಶುಕ್ರವಾರ ಅದು ಬಂದ್."

ಮಧ್ಯಾಹ್ನ ನಮಾಜ್ ಆದ ಮೇಲೆ ತೆರೀತಾರಮ್ಮ ಎಂದು ನನ್ನವರು ಸಮಾಧಾನದಿಂದ ವಿವರಿಸಹೊರಟರು. ಇಲ್ಲ, ನಮಾಜ್ ಮಾಡುವವರಿಗೆ ಮಾತ್ರ ಬಾಗಿಲು, ನೋಡಲು ಬರುವವರಿಗೆ ಇಡೀ ದಿನ ಇಲ್ಲ ಎಂದು ಅತ್ತೆ ಹೇಳಿದರು. ನಿಮಗೆ ಹೇಗೆ ಗೊತ್ತು ಎಂದು ನಾನು ಕೇಳಿದೆ.

"ನಾನು ಗೇಟಿನ ಎದುರು ನಿಂತು ಬಂದವಳು."

ಆಮೇಲೆ ಹೊರಬಿದ್ದ ಕಥೆಗೆ ನಾನೂ ನನ್ನವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅದರ ಹಿಂದಿನ ವರ್ಷ ಭಜನಾ ಮಂಡಳಿಯ ಹೆಂಗಸರೆಲ್ಲ ಸೇರಿ ಕಾಶಿಗೆ ಹೋಗಿದ್ದರಂತೆ. ಅತ್ತೆ ನಮಗೆ ಹೊರನಾಡಿಗೆ ಹೋಗುತ್ತೇನೆ, ಅಲ್ಲಿ ಬೆಟ್ಟ, ಫೋನ್ ಸಿಗುವುದಿಲ್ಲ ಎಂದಿದ್ದರು. ಹೊರನಾಡಿನಲ್ಲಿ ಅಷ್ಟು ದಿನ ಏನು ಮಾಡುತ್ತಾರೆ ಎಂದು ನಾವು ಆಗ ಯೋಚಿಸಲೂ ಇಲ್ಲ. ಮೊಣಕಾಲು ನೋವಿಟ್ಟುಕೊಂಡು ಕಾಶಿಗೆ ಹೋಗುತ್ತೇನೆ ಅಂದಿದ್ದರೆ ಮಗ ಗಂಟೆಗೊಮ್ಮೆ ಫೋನ್ ಮಾಡಿ ಪ್ರಾಣ ತಿನ್ನುತ್ತಿದ್ದ, ಅದಕ್ಕೇ ಹೇಳಲಿಲ್ಲ ಎಂದು ಅತ್ತೆ ಯಾವ ಅಳುಕೂ ಇಲ್ಲದೆ ಹೇಳಿದರು. ಬರುವ ದಾರಿಯಲ್ಲಿ ಬಸ್ಸು ಆಗ್ರಾದಲ್ಲಿ ನಿಂತಿದೆ. ಅದು ಶುಕ್ರವಾರ. ಗೇಟಿನ ಮುಂದೆ ಹೆಂಗಸರೆಲ್ಲ ರಸ್ತೆಬದಿಯಲ್ಲಿ ಕೂತು ಚಕ್ಕುಲಿ ತಿಂದರಂತೆ. ಕೊನೆಗೆ ಡ್ರೈವರಿಗೆ ಕನಿಕರ ಬಂದು ಯಮುನೆಯ ಆಚೆ ದಡಕ್ಕೆ ಕರೆದುಕೊಂಡು ಹೋಗಿ, ಹಿಂದಿನಿಂದ ತೋರಿಸಿದನಂತೆ.

ಹೇಗಿತ್ತು ಎಂದು ಕೇಳದೆ ಇರಲಾಗಲಿಲ್ಲ.

"ಬೆನ್ನು ನೋಡಿಯೇ ನಮ್ಮ ಭಜನೆಯವರು ಯಾರೂ ಮಾತಾಡ್ಲಿಲ್ಲ" ಎಂದರು ಅತ್ತೆ. "ಮುಖ ನೀವು ನೋಡಿ ಬನ್ನಿ."

ನನ್ನ ಸಿಟ್ಟು ಎಲ್ಲಿ ಹೋಯಿತೋ. ನಗು ಶುರುವಾದದ್ದು ನನಗೋ ಅತ್ತೆಗೋ ನೆನಪಿಲ್ಲ. ಮಗನಿಗೆ ಹೆದರಿ ತಾಯಿ ಕದ್ದು ಹೋದದ್ದು, ತಾಯಿಗೆ ಹೆದರಿ ಮಗ ಕದ್ದು ಹೊರಟಿದ್ದು, ಇಬ್ಬರೂ ಹೋಗಿ ಒಂದೇ ಮುಚ್ಚಿದ ಗೇಟಿಗೆ. ನನ್ನವರೊಬ್ಬರು ಮಾತ್ರ ನಗದೆ, ಕಂಪ್ಯೂಟರ್ ತೆರೆದು, ಶುಕ್ರವಾರ ರಜೆ ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದನ್ನು ಓದುತ್ತಾ ಕುಳಿತಿದ್ದರು. ಟಿಕೆಟ್ ಮಾಡಿಸುವ ಅವಸರದಲ್ಲಿ ಯಾರೂ ಆ ಪುಟ ನೋಡಿರಲಿಲ್ಲ. ನಮಗೆ ಶುಕ್ರವಾರ ಎಂದರೆ ಬಿಡುವು, ಬಿಡುವು ಎಂದರೆ ತಿರುಗಾಟ. ಅದರ ಆಚೆಗೆ ತಲೆ ಓಡಿರಲೇ ಇಲ್ಲ.

ಈಗ ಉಪಾಯ ಒಂದೇ. ಶುಕ್ರವಾರ ಕೋಟೆ ನೋಡಿ ಆಗ್ರಾದಲ್ಲೇ ಉಳಿದುಕೊಂಡು, ಶನಿವಾರ ಮಹಲು ನೋಡುವುದು. ಹುಡುಕಿದರೆ ಶನಿವಾರದ ವಿಮಾನಗಳಲ್ಲಿ ಬೇರೆ ಸೀಟಿಲ್ಲ, ಭಾನುವಾರ ಮಧ್ಯಾಹ್ನದ್ದರಲ್ಲಿ ಎರಡಿವೆ. ಅಂದರೆ ಭಾನುವಾರ ರಜೆ ಬೇಕು. ನಾನು ಕೆಲಸ ಮಾಡುವ ಪರದೆ ಅಂಗಡಿಯಲ್ಲಿ ಅದು ದೊಡ್ಡ ಮಾತಲ್ಲ. ನನ್ನವರ ಆಫೀಸಿನಲ್ಲಿ ಭಾನುವಾರ ಎಂದರೆ ಎರಡು ದಿನದ ಹಡಗುಗಳ ಕೆಲಸವೆಲ್ಲ ಒಟ್ಟಿಗೆ ಮೈಮೇಲೆ ಬರುವ ದಿನ. ಅವರು ಒಮ್ಮೆಯೂ ಭಾನುವಾರ ತಪ್ಪಿಸಿದವರಲ್ಲ. ಕಂಪ್ಯೂಟರನ್ನು ಮೆಲ್ಲಗೆ ಮುಚ್ಚುತ್ತಾ ಅವರು ಬಾಯಿ ತೆರೆದರು, ಬರುವ ಮಾತು ನನಗೆ ಗೊತ್ತಿತ್ತು. "ನೋಡುವ."

ಅಳು ಬಂದೇಬಿಡುತ್ತದೆ ಅನ್ನಿಸಿ ಹಿಟ್ಟಿನ ಪಾತ್ರೆಯ ಕಡೆ ತಿರುಗಿಕೊಂಡೆ.

ಫೋನು ಇನ್ನೂ ಬಂದ್ ಆಗಿರಲಿಲ್ಲ. ಅತ್ತೆ ಅದೆಲ್ಲವನ್ನೂ ಕೇಳಿಸಿಕೊಂಡಿದ್ದರು. ಮಗನ ಹೆಸರು ಹಿಡಿದು ಕರೆದು, ನೋಡುವುದು ಎಂತದ್ದು ಇನ್ನು, ಈಗಲೇ ಫೋನ್ ಮಾಡಿ ಸಾಹೇಬರ ಹತ್ತಿರ ರಜೆ ಕೇಳು ಎಂದರು. ಇವರು ಹೂಂ ಎಂದರು. ಆ ಹೂಂನ ಒಳಗೆ ಏನಿದೆ ಎಂಬುದು ಹೆತ್ತವರಿಗೆ ಗೊತ್ತಾಗದೆ ಇರುತ್ತದೆಯೇ?

"ನನಗೆ ಹುಷಾರಿಲ್ಲ ಅಂತ ಮಾತ್ರ ಹೇಳ್ಬೇಡ" ಎಂದರು ಅತ್ತೆ. "ನನ್ನನ್ನು ಎಷ್ಟು ಸಲ ಆಸ್ಪತ್ರೆಗೆ ಹಾಕಿದ್ದೀ ಅಂತ ನನಗೆ ಗೊತ್ತುಂಟು. ಇನ್ನು ಸಾಕು."

ನನ್ನವರ ಕಿವಿ ಕೆಂಪಾಯಿತು. ಗಲ್ಫಿನಲ್ಲಿ ಅವಸರದ ರಜೆಗೆ ಎಲ್ಲರೂ ಹೇಳುವುದು ಅದನ್ನೇ. ತಾಯಿಗೆ ಹುಷಾರಿಲ್ಲ, ತಂದೆ ಬಿದ್ದರು, ಮನೆಯಲ್ಲಿ ಸಾವು. ಅದು ಬಿಟ್ಟು ಬೇರೆ ಕಾರಣಕ್ಕೆ ರಜೆ ಕೇಳುವುದು ಹೇಗೆಂದು ಯಾರಿಗೂ ಅಭ್ಯಾಸವಿಲ್ಲ. ಈಗ ಇದ್ದ ಒಂದೇ ಒಂದು ಸುಳ್ಳನ್ನೂ ತಾಯಿ ಕಿತ್ತುಕೊಂಡಿದ್ದರು.

ನನ್ನವರು ತಮ್ಮ ಫೋನ್ ಹಿಡಿದು ಬಾಲ್ಕನಿಗೆ ಹೋದರು. ಮ್ಯಾನೇಜರು ಕೇರಳದ ಹಿರಿಯರು, ಇವರ ಜೊತೆ ಮಾತೆಲ್ಲ ಹಿಂದಿಯಲ್ಲಿ. ನಾನು ಪರದೆಯ ಹಿಂದೆ ನಿಂತೆ, ಮಗಳು ಬಂದು ನನ್ನ ಹಿಂದೆ ನಿಂತಳು. ಕೆಳಗೆ ರಸ್ತೆಯಲ್ಲಿ ಟ್ಯಾಕ್ಸಿಗಳ ಹಾರ್ನ್, ಪಕ್ಕದ ಕ್ಯಾಂಟೀನಿನಲ್ಲಿ ಪರೋಟ ಬಡಿಯುವ ಸದ್ದು. ಇವರು ಸಲಾಂ ಹೇಳಿದರು, ಮನೆಯವರನ್ನು ವಿಚಾರಿಸಿದರು, ಮುಂದಿನ ವಾರದ ಹಡಗಿನ ವಿಷಯ ಮಾತಾಡಿದರು, ಹವೆಯ ಬಗ್ಗೆ ಕೂಡ ಎರಡು ಮಾತಾಯಿತು. ನನಗೆ ಹೋಗಿ ಬೆನ್ನಿಗೆ ಗುದ್ದಬೇಕು ಅನ್ನಿಸುತ್ತಿತ್ತು. ಕೊನೆಗೂ ನಾಳೆಯಲ್ಲ, ಅದರ ಮುಂದಿನ ಭಾನುವಾರ ರಜೆ ಬೇಕು ಸಾರ್ ಎಂಬ ಮಾತು ಹೊರಗೆ ಬಂತು.

ಆ ಕಡೆಯ ದನಿ ಒಮ್ಮೆಲೇ ಗಾಬರಿಯಾಯಿತು. ಯಾರಿಗೆ ಏನಾಯಿತು, ಊರಲ್ಲಿ ಎಲ್ಲ ಸರಿಯಾಗಿದ್ದಾರಾ ಎಂದು ಅವರು ಕೇಳಿದ್ದು ನನ್ನವರೆಗೂ ಕೇಳಿಸಿತು. ನನ್ನವರು ತುಳಸಿಯ ಕುಂಡದಿಂದ ಒಂದು ಒಣ ಎಲೆ ಕಿತ್ತರು.

"ಯಾರಿಗೂ ಏನೂ ಆಗಿಲ್ಲ ಸಾರ್" ಎಂದರು ನನ್ನವರು. "ನನ್ನ ಹೆಂಡತಿಯ ಜೊತೆ ತಾಜ್‌ಮಹಲ್ ನೋಡಲಿಕ್ಕೆ ಹೋಗ್ತಾ ಇದ್ದೇನೆ."

ಆ ಕಡೆಯವರಿಗೆ ಅದು ಅರ್ಥವಾಗಲಿಲ್ಲವೇನೋ, ಇವರು ಇನ್ನೊಮ್ಮೆ ಹೇಳಬೇಕಾಯಿತು. ಎರಡನೆಯ ಸಲ ಹೇಳುವಾಗ ದನಿ ಎಷ್ಟು ಜೋರಾಗಿತ್ತೆಂದರೆ ಎದುರಿನ ಕಟ್ಟಡದ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದವನು ತಿರುಗಿ ನೋಡಿದ. ಯಾರಿಗೂ ಏನೂ ಆಗಿಲ್ಲ, ಹೆಂಡತಿಯ ಜೊತೆ ಹೋಗುತ್ತಿದ್ದೇನೆ. ಪರದೆಯ ಹಿಂದೆ ನಿಂತಿದ್ದ ನನಗೆ ನಗುವೂ ಅಳುವೂ ಒಟ್ಟಿಗೆ ಬಂದವು. ಹಿಟ್ಟು ಮೆತ್ತಿದ ಕೈಯಲ್ಲೇ ಮಗಳನ್ನು ತಬ್ಬಿಕೊಂಡೆ, ಅವಳು "ಅಮ್ಮಾ, ಮೈ ಡ್ರೆಸ್" ಎಂದು ಗೊಣಗಿದರೂ ಬಿಡಿಸಿಕೊಳ್ಳಲಿಲ್ಲ.

ಇವರು ಒಳಗೆ ಬಂದರು. ರಜೆ ಸಿಕ್ಕಿತಂತೆ. ಮ್ಯಾನೇಜರು ತಾವು ಇನ್ನೂ ನೋಡಿಲ್ಲ, ಹೇಗಿತ್ತೆಂದು ಬಂದು ಹೇಳಬೇಕು ಎಂದರಂತೆ. ನನ್ನವರ ಮುಖ ಬೆವರಿತ್ತು, ಕಣ್ಣು ಹೊಳೆಯುತ್ತಿತ್ತು. ಮದುವೆಯ ವಾರದಲ್ಲಿ ನೋಡಿದ್ದ ಮುಖ. ಸೋಫಾದಲ್ಲಿ ಕೂತು, ಒಂದು ಲೋಟ ನೀರು ಕುಡಿದು, ನನ್ನನ್ನು ನೋಡಿದರು.

"ಮಾರಾಯ್ತಿ, ಸೋಮವಾರ ಕೂಡ ಕೇಳ್ಬಹುದಿತ್ತಲ್ಲ?"